ಮನೆಯೊಳಗಿನ ‘ವಿದ್ಯುತ್ ಮಾಲಿನ್ಯ’: ಎಷ್ಟು ನಿಜ, ಎಷ್ಟು ಭಯ?

ಮನೆ ಭೇಟಿಗೆಂದು ಹೋಗಿದ್ದಾಗ ಹಿರಿಯ ದಂಪತಿಯೊಬ್ಬರ ಮನೆಯಲ್ಲಿ ವಿಚಿತ್ರ ವಸ್ತುವೊಂದನ್ನು ಕಂಡೆ. ಹಾಲ್‌ನಲ್ಲಿ ಎರಡು, ಮಲಗುವ ಕೋಣೆಯಲ್ಲಿ ಒಂದು, ಅಡುಗೆ ಮನೆಯಲ್ಲಿ ಒಂದು, ಹೀಗೆ ನಾಲ್ಕು ಪ್ಲಗ್ಗುಗಳಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆಗಳು. ಮನೆಯೊಡತಿಗೆ ತಿಂಗಳುಗಳಿಂದ ತಲೆನೋವು, ರಾತ್ರಿ ನಿದ್ದೆಯಿಲ್ಲ. “ಕರೆಂಟಿನಲ್ಲಿ ಕೊಳೆ ಇದೆಯಂತೆ ಫಾದರ್, ಇದು ಅದನ್ನು ಸೋಸುತ್ತದಂತೆ” ಎಂದರು. ಮಾರಲು ಬಂದಾತ ಪ್ಲಗ್ಗಿಗೆ ಮೀಟರ್ ಇಟ್ಟು ದೊಡ್ಡ ಸಂಖ್ಯೆ ತೋರಿಸಿದ್ದ. ಪೆಟ್ಟಿಗೆ ಸಿಕ್ಕಿಸಿದ ಕೂಡಲೇ ಸಂಖ್ಯೆ ಸರ್ರನೆ ಇಳಿದಿತ್ತು. ಕಣ್ಣಾರೆ ಕಂಡ ಮೇಲೆ ನಂಬದಿರುವುದು ಹೇಗೆ? ಗಲ್ಫ್‌ನಲ್ಲಿರುವ ಮಗ ಆಸ್ಪತ್ರೆಗೆಂದು ಕಳುಹಿಸಿದ ಹಣ ಆ ಪೆಟ್ಟಿಗೆಗಳಿಗೆ ಹೋಗಿತ್ತು.

ಅಂದಿನಿಂದ ಈ ವಿಷಯವನ್ನು ಒಂದಿಷ್ಟು ಓದಿದೆ. ವಾಳೆಯ ಸಭೆಗಳಲ್ಲಿಯೂ ಕೆಲವರು ಇದೇ ಪ್ರಶ್ನೆ ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ‘ಡರ್ಟಿ ಎಲೆಕ್ಟ್ರಿಸಿಟಿ’ ಎಂದು ಕರೆಯುವ ಸಂಗತಿ ಪೂರ್ತಿ ಕಟ್ಟುಕತೆಯಲ್ಲ. ನಮ್ಮ ಮನೆಗೆ ಬರುವ ವಿದ್ಯುತ್ 230 ವೋಲ್ಟ್, ಸೆಕೆಂಡಿಗೆ 50 ಬಾರಿ ಏರಿಳಿಯುವ ಅಲೆ. ಕಂಪ್ಯೂಟರ್, ಎಲ್‌ಇಡಿ ಬಲ್ಬ್, ಇನ್ವರ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮುಂತಾದವು ಈ ಅಲೆಯನ್ನು ತುಂಡು ತುಂಡಾಗಿ ಬಳಸುತ್ತವೆ. ಆಗ ದೊಡ್ಡ ಅಲೆಯ ಬೆನ್ನ ಮೇಲೆ ಸಣ್ಣ ಸಣ್ಣ ವೇಗದ ಅಲೆಗಳು ಏಳುತ್ತವೆ. ರೇಡಿಯೋದಲ್ಲಿ ಗರಗರ ಶಬ್ದ ಬರುವುದಕ್ಕೆ ಇದೂ ಒಂದು ಕಾರಣ. ಕಾರ್ಖಾನೆಗಳಲ್ಲಿ ಇದರಿಂದ ಮೋಟಾರು, ವಯರುಗಳು ಬಿಸಿಯಾಗುವುದರಿಂದ ಎಂಜಿನಿಯರುಗಳೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬಿಳಿ ಪೆಟ್ಟಿಗೆಯೊಳಗೆ ಇರುವುದು ಮುಖ್ಯವಾಗಿ ಒಂದು ಕೆಪಾಸಿಟರ್. ಅದು ಆ ಸಣ್ಣ ಅಲೆಗಳನ್ನು ತಗ್ಗಿಸುತ್ತದೆ. ಮೀಟರ್ ಅಳೆಯುವುದೂ ಅದೇ ಸಣ್ಣ ಅಲೆಗಳನ್ನು. ಆದ್ದರಿಂದ ಸಂಖ್ಯೆ ಇಳಿಯಲೇಬೇಕು. ಆದರೆ ಆ ಸಂಖ್ಯೆಗೂ ಮನೆಯವರ ತಲೆನೋವಿಗೂ ಸಂಬಂಧ ಇದೆಯೇ ಎಂಬುದನ್ನು ಮೀಟರ್ ಹೇಳುವುದಿಲ್ಲ. ಇಡೀ ವಾದ ಜಾರುವುದು ಇಲ್ಲಿಯೇ.

ಸಂಬಂಧ ಇದೆ ಎನ್ನುವವರು ಹೆಚ್ಚಾಗಿ ಮುಂದಿಡುವುದು ಅಮೆರಿಕದ ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಸ್ಯಾಮ್ಯುಯೆಲ್ ಮಿಲ್ಹಮ್ ಅವರ 2008ರ ಅಧ್ಯಯನ. ಕ್ಯಾಲಿಫೋರ್ನಿಯಾದ ಲಾ ಕ್ವಿಂಟಾ ಎಂಬಲ್ಲಿನ ಶಾಲೆಯೊಂದರ 137 ಶಿಕ್ಷಕರಲ್ಲಿ 16 ಮಂದಿಗೆ ಕ್ಯಾನ್ಸರ್ ಬಂದಿತ್ತು. ಕೊಠಡಿಗಳ ‘ಕೊಳೆ ವಿದ್ಯುತ್’ ಕಾರಣ ಎಂದು ಅವರು ವಾದಿಸಿದರು. ಓದಿದಾಗ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಅಲ್ಲಿ ಮೊದಲು ರೋಗಿಗಳು ಕಂಡರು, ಬಳಿಕ ಕಾರಣ ಹುಡುಕಲಾಯಿತು. ಸಾವಿರಾರು ಶಾಲೆಗಳಿರುವ ದೇಶದಲ್ಲಿ ಕೆಲವು ಕಡೆ ಬರೀ ಆಕಸ್ಮಿಕವಾಗಿಯೇ ಹೆಚ್ಚು ರೋಗಿಗಳು ಸೇರಬಹುದು. ಗೋಡೆಗೆ ಗುಂಡು ಹೊಡೆದು ಆಮೇಲೆ ಸುತ್ತ ಗುರಿಯ ವೃತ್ತ ಬರೆದರೆ ಯಾವ ಗುಂಡೂ ತಪ್ಪುವುದಿಲ್ಲ. ಇಂತಹ ಎಲ್ಲಾ ಅಧ್ಯಯನಗಳನ್ನು 2016ರಲ್ಲಿ ಒಟ್ಟಾಗಿ ಪರಿಶೀಲಿಸಿದ ಡಿ ವೋಖ್ಟ್ ಮತ್ತು ಓಲ್ಸೆನ್, ಅಳತೆಯ ಕ್ರಮವೇ ದುರ್ಬಲವಾಗಿರುವುದರಿಂದ ಇವುಗಳ ಆಧಾರದಲ್ಲಿ ಆರೋಗ್ಯದ ತೀರ್ಮಾನಕ್ಕೆ ಬರುವಂತಿಲ್ಲ ಎಂದರು.

ವಿದ್ಯುತ್ ತಂತಿಗಳ ಸುತ್ತಲಿನ ಅಯಸ್ಕಾಂತ ಕ್ಷೇತ್ರದ ಪ್ರಶ್ನೆ ಬೇರೆ, ಹೆಚ್ಚು ಗಂಭೀರ. 1979ರಲ್ಲಿ ಡೆನ್ವರ್ ನಗರದಲ್ಲಿ ನ್ಯಾನ್ಸಿ ವರ್ತೈಮರ್ ಮತ್ತು ಎಡ್ ಲೀಪರ್, ದಪ್ಪ ವಿದ್ಯುತ್ ಲೈನುಗಳ ಬಳಿ ವಾಸಿಸುವ ಮಕ್ಕಳಲ್ಲಿ ರಕ್ತ ಕ್ಯಾನ್ಸರ್ ಹೆಚ್ಚು ಎಂದು ಬರೆದರು. 2000ದಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಸರಾಸರಿ 0.4 ಮೈಕ್ರೋಟೆಸ್ಲಾಕ್ಕಿಂತ ಹೆಚ್ಚಿನ ಕ್ಷೇತ್ರದಲ್ಲಿ ಬೆಳೆದ ಮಕ್ಕಳಲ್ಲಿ ಅಪಾಯ ಸುಮಾರು ಎರಡು ಪಟ್ಟು ಕಂಡಿತು. ಅಂತಹ ಮನೆಗಳಲ್ಲಿದ್ದ ಮಕ್ಕಳು ಶೇಕಡಾ ಒಂದಕ್ಕೂ ಕಡಿಮೆ. ಸಾಮಾನ್ಯ ಮನೆಗಳ ಸರಾಸರಿ 0.1ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರುತ್ತದೆ. ಕಾರಣ ಅದೇ ಕ್ಷೇತ್ರವೋ ಬೇರೇನೋ ಎಂಬುದು ಸಾಬೀತಾಗಿಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಇದನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು’ ಎಂಬ 2ಬಿ ಗುಂಪಿಗೆ ಸೇರಿಸಿತು. ಮಾರಾಟಗಾರರು ಈ ಮಾತನ್ನು ತಪ್ಪದೆ ಹೇಳುತ್ತಾರೆ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಇನ್ನೊಂದು ವಿಷಯ: ಈ ಕ್ಷೇತ್ರ ದೂರ ಹೋದಂತೆ ಬೇಗನೆ ಕುಗ್ಗುತ್ತದೆ. ಮಂಚದ ತಲೆಭಾಗ ಮೀಟರ್ ಬೋರ್ಡಿನ ಗೋಡೆಗೆ ತಾಗಿದ್ದರೆ ನಾಲ್ಕಡಿ ಸರಿಸಿಬಿಡಿ. ಖರ್ಚಿಲ್ಲದ ಕೆಲಸ.

(ಉಡುಪಿ–ಕಾಸರಗೋಡು 400 ಕೆವಿ ಲೈನಿಗೆ ನಮ್ಮ ರೈತರು ತೋರಿದ ವಿರೋಧವನ್ನು ಇದರೊಂದಿಗೆ ಬೆರೆಸಬೇಡಿ. ತೆಂಗು ಕಂಗು ಕಡಿದಾಗ ಆಗುವ ನಷ್ಟಕ್ಕೆ ವಿಜ್ಞಾನಿಗಳ ಪುರಾವೆ ಬೇಕಾಗಿಲ್ಲ.)

ಹಾಗಾದರೆ ತಲೆನೋವು, ನಿದ್ರಾಹೀನತೆ, ಆಯಾಸ? ಇವು ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ್ದೂ ಅದನ್ನೇ: ನೋವು ನಿಜ, ಆದರೆ ಅದು ವಿದ್ಯುತ್ ಕ್ಷೇತ್ರದಿಂದ ಬಂದದ್ದು ಎನ್ನಲು ಆಧಾರವಿಲ್ಲ. ತಮಗೆ ವಿದ್ಯುತ್ ಅಲೆಗಳು ತಟ್ಟುತ್ತವೆ ಎನ್ನುವವರನ್ನು ಕೂರಿಸಿ, ಅವರಿಗೂ ಪರೀಕ್ಷಕರಿಗೂ ತಿಳಿಯದಂತೆ ಯಂತ್ರವನ್ನು ಹಚ್ಚಿ ಆರಿಸಿ ನೋಡಿದ ಪ್ರಯೋಗಗಳಿವೆ. 2010ರ ಹೊತ್ತಿಗೆ ಇಂತಹ 46 ಪ್ರಯೋಗಗಳು, 1,175 ಮಂದಿ. ಯಂತ್ರ ಯಾವಾಗ ಚಾಲೂ ಇದೆ ಎಂದು ಗುರುತಿಸಲು ಅವರಿಗೆ ಆಗಲಿಲ್ಲ. ಆರಿದ್ದಾಗಲೂ ತಲೆನೋವು ಬಂತು. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 147 ಮಂದಿಯಲ್ಲಿ ಕೆಲವರಿಗೆ ವೈಫೈ ಅಪಾಯದ ಟಿವಿ ಕಾರ್ಯಕ್ರಮ ತೋರಿಸಿ, ಬಳಿಕ ಎಲ್ಲರನ್ನೂ ಹುಸಿ ವೈಫೈ ಮುಂದೆ 15 ನಿಮಿಷ ಕೂರಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಏನಾದರೊಂದು ತೊಂದರೆ ಕಾಣಿಸಿತು. ಭಯಕ್ಕೂ ದೇಹವನ್ನು ನೋಯಿಸುವ ಶಕ್ತಿಯಿದೆ. ಆದ್ದರಿಂದ ರೋಗಿಗಳನ್ನು ಭೇಟಿ ಮಾಡುವ ಸಿಸ್ಟರುಗಳು, ಗುರ್ಕಾರರು ಇಂತಹವರನ್ನು ಕಂಡಾಗ ನಗಬಾರದು, ವಾದಕ್ಕೂ ಇಳಿಯಬಾರದು. ವೈದ್ಯರ ಬಳಿ ಯಾವಾಗ ಹೋಗಿದ್ದಿರಿ ಎಂದು ಕೇಳಿ.

ತಲೆನೋವು ತರುವ ವಸ್ತುಗಳು ಮನೆಯಲ್ಲಿ ಇರಲೂಬಹುದು. ಹಳೆಯ ಚೋಕಿನ ಟ್ಯೂಬ್‌ಲೈಟ್ ಕಣ್ಣಿಗೆ ಕಾಣದಂತೆ ಮಿನುಗುತ್ತದೆ. ಅದನ್ನು ಬದಲಿಸಿದ ಕಚೇರಿಯಲ್ಲಿ ತಲೆನೋವು, ಕಣ್ಣುನೋವು ಅರ್ಧಕ್ಕಿಂತಲೂ ಕೆಳಗೆ ಇಳಿದದ್ದನ್ನು 1989ರಲ್ಲೇ ತೋರಿಸಲಾಗಿದೆ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್, ಮುಚ್ಚಿದ ಜಾಗದಲ್ಲಿ ಓಡುವ ಜನರೇಟರ್ ಉಗುಳುವ ಕಾರ್ಬನ್ ಮೋನಾಕ್ಸೈಡ್ ಮೊದಲು ತಲೆನೋವು ತರುತ್ತದೆ, ಆಮೇಲೆ ಪ್ರಾಣವನ್ನೇ ತೆಗೆಯುತ್ತದೆ.

ಇನ್ನು ವಿದ್ಯುತ್ತಿನಿಂದ ಆಗುವ ನಿಜವಾದ ಸಾವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ 12,000ಕ್ಕೂ ಹೆಚ್ಚು ಮಂದಿ ಕರೆಂಟ್ ಹೊಡೆದು ಸತ್ತರು. ನಮ್ಮ ಕರಾವಳಿಯ ಮಳೆಗಾಲ, ತೇವದ ಗೋಡೆ, ಅರ್ತಿಂಗ್ ಇಲ್ಲದ ಹಳೆಯ ಮನೆ, ಬಟ್ಟೆ ಒಣಗಿಸಲು ಕಟ್ಟಿದ ಕಬ್ಬಿಣದ ಸರಿಗೆ. ಹೆಚ್ಚು ಹೇಳಬೇಕಾಗಿಲ್ಲ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಕರೆಂಟ್ ಸೋರಿದ ಕ್ಷಣದಲ್ಲೇ ಲೈನ್ ಕಡಿಯುತ್ತದೆ. ಇಗರ್ಜಿಯ ಹಬ್ಬದ ದೀಪಾಲಂಕಾರಕ್ಕೆ, ಗೋದಲಿಯ ಬಲ್ಬ್ ಸರಕ್ಕೆ ಟೇಪು ಸುತ್ತಿದ ವಯರನ್ನು ಒದ್ದೆ ಹುಲ್ಲಿನ ಮೇಲೆ ಎಳೆಯುವ ನಮ್ಮ ಯುವಕರಿಗೂ ಇದನ್ನು ಹೇಳಬೇಕು. ಪಾಲನಾ ಮಂಡಳಿಗಳು ವರ್ಷಕ್ಕೊಮ್ಮೆ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಕರೆಸಿ ಇಗರ್ಜಿ, ಶಾಲೆ, ಸಭಾಭವನಗಳ ವಯರಿಂಗ್ ನೋಡಿಸಲಿ.

ಆ ಮನೆಯೊಡತಿಯನ್ನು ಕೊನೆಗೆ ವೈದ್ಯರಲ್ಲಿಗೆ ಕರೆದೊಯ್ದಾಗ ರಕ್ತದೊತ್ತಡ 180ರ ಮೇಲಿತ್ತು. ಈಗ ದಿನಕ್ಕೊಂದು ಮಾತ್ರೆ, ರಾತ್ರಿ ನಿದ್ದೆಯೂ ಪರವಾಗಿಲ್ಲವಂತೆ. ಪೆಟ್ಟಿಗೆಗಳು ಇನ್ನೂ ಪ್ಲಗ್ಗಿನಲ್ಲೇ ಇವೆ. “ದುಡ್ಡು ಕೊಟ್ಟದ್ದಲ್ಲವೇ ಫಾದರ್, ಇರಲಿ” ಎನ್ನುತ್ತಾರೆ. ನಾನೂ ತೆಗೆಯಿರಿ ಎನ್ನಲಿಲ್ಲ. ಬಚ್ಚಲಿನ ಹೊರಗೆ ಒಡೆದುಹೋಗಿದ್ದ ಸ್ವಿಚ್ಚನ್ನು ಮಾತ್ರ ಮುಂದಿನ ಭೇಟಿಯ ಒಳಗೆ ಬದಲಿಸಬೇಕೆಂದು ಹೇಳಿ ಬಂದಿದ್ದೇನೆ.