ಮೇವಿಲ್ಲದ ದಾರಿಯಲ್ಲಿ ದಂಡು



ಮೂರನೆಯ ಮೈಸೂರು ಯುದ್ಧ ಎಂದೊಡನೆ ನಿಮಗೆ ನೆನಪಾಗುವುದು ಇಸವಿಗಳು: 1790ರಿಂದ 1792. ಪರೀಕ್ಷೆಗೆ ಅಷ್ಟು ಸಾಕು. ಆದರೆ 1791ರ ಮೇ ತಿಂಗಳಲ್ಲಿ ಕಾಳಗ ಗೆದ್ದ ಸೈನ್ಯವೇ ಏಕೆ ಹಿಂದಿರುಗಿತು ಎಂದು ಎಂದಾದರೂ ಯೋಚಿಸಿದ್ದೀರಾ?

ಆ ವರ್ಷ ಮಾರ್ಚ್ 21ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. ಮೇ ಮೊದಲ ವಾರದಲ್ಲಿ ಶ್ರೀರಂಗಪಟ್ಟಣದತ್ತ ಹೊರಟಿತು. ಚನ್ನಪಟ್ಟಣದ ನೇರ ದಾರಿಯಲ್ಲಿ ಹುಲ್ಲುಕಡ್ಡಿಯೂ ಸಿಗದಂತೆ ಟಿಪ್ಪು ಸುಲ್ತಾನನು ಮಾಡಿದ್ದನು. ಆದ್ದರಿಂದ ಅವರು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಒರಟು ದಾರಿ ಹಿಡಿದರು. ಅಲ್ಲಿಯೂ ಹಳ್ಳಿಗಳು ಬರಿದು, ಬಣವೆಗಳು ಬೂದಿ. ಈ ಯುದ್ಧದಲ್ಲಿ ಟಿಪ್ಪು ಕಾನಕಾನಹಳ್ಳಿ ಪಟ್ಟಣವನ್ನು ಎರಡು ಸಲ ಸುಡಿಸಿದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಅದು ಅವನದೇ ಊರು, ಅವನಿಗೇ ಕಂದಾಯ ಕಟ್ಟುತ್ತಿದ್ದ ಪ್ರಜೆಗಳು ಎಂಬುದನ್ನು ಗಮನಿಸಿ.

ಹುಲ್ಲಿಗೇಕೆ ಇಷ್ಟು ಮಹತ್ವ? ಅಂದಿನ ದಂಡು ಎತ್ತಿನ ಹೆಗಲ ಮೇಲೆ ನಡೆಯುತ್ತಿತ್ತು. ಕೋಟೆ ಒಡೆಯುವ ಭಾರಿ ತೋಪು, ಗುಂಡು, ಮದ್ದು, ಅಕ್ಕಿ ಎಲ್ಲಕ್ಕೂ ಎತ್ತೇ ಬೇಕು. ಕಾದುವ ಸಿಪಾಯಿಗಳಿಗಿಂತ ಹಿಂದೆ ಬರುವ ಹೊರೆಯಾಳು, ಅಡಿಗೆಯವರು, ಅಂಗಡಿಯವರು, ಅವರ ಹೆಂಡಿರು ಮಕ್ಕಳೇ ಹೆಚ್ಚು. ಎತ್ತು ಮಲಗಿತೆಂದರೆ ಇವರೆಲ್ಲರ ಊಟವೂ ನಿಂತಿತು. (ಅಮೃತಮಹಲ್ ತಳಿಯ ದನಗಳನ್ನು ಹೈದರ್, ಟಿಪ್ಪು ಅಷ್ಟು ಜತನದಿಂದ ಸಾಕಿದ್ದು ಸುಮ್ಮನೆ ಅಲ್ಲ.)

ಮೇ 15ರಂದು ಅರಕೆರೆಯ ಬಳಿ ಕಾಳಗವಾಯಿತು. ಟಿಪ್ಪು ಹಿಂದೆ ಸರಿದು ದ್ವೀಪದ ಕೋಟೆ ಸೇರಿದನು. ಆದರೆ ಮಳೆ ಹಿಡಿದಿತ್ತು, ಕಾವೇರಿ ದಾಟುವಂತಿರಲಿಲ್ಲ. ಗೆದ್ದವರು ಹೊಳೆಯ ದಂಡೆಗುಂಟ ಕನ್ನಂಬಾಡಿಗೆ ನಡೆದರು. ಎತ್ತುಗಳು ಸಾಲುಸಾಲಾಗಿ ಸತ್ತಿದ್ದರಿಂದ ತೋಪುಗಳನ್ನು ಮನುಷ್ಯರೇ ಎಳೆದರು. ಸೈನಿಕರಿಗೆ ಅರೆಹೊಟ್ಟೆ, ಹಿಂಬಾಲಕರಲ್ಲಿ ಬಡವರು ಸತ್ತ ಎತ್ತಿನ ಕೊಳೆತ ಮಾಂಸವನ್ನೇ ತಿಂದರು. ಕೊನೆಗೆ ಕಾರ್ನ್‌ವಾಲಿಸನು ತನ್ನ ಭಾರಿ ತೋಪುಗಳನ್ನು ತಾನೇ ಒಡೆಸಿ, ಮೇ 26ರಂದು ಹಿಂದಿರುಗಿದನು.

ಅಂದೇ ಮೇಲುಕೋಟೆಯ ದಿಕ್ಕಿನಲ್ಲಿ ಕುದುರೆ ದಂಡೊಂದು ಕಾಣಿಸಿತು. ಟಿಪ್ಪುವಿನದೇ ಎಂದು ಕಾದಾಟಕ್ಕೆ ಅಣಿಯಾದರು. ಬಂದವರು ಅವರ ಮಿತ್ರರಾದ ಮರಾಠರು, ಹರಿಪಂತ ಫಡಕೆ ಮತ್ತು ಪರಶುರಾಮ ಭಾವು. ಅವರು ಬರುವ ಸುದ್ದಿ ಕಾರ್ನ್‌ವಾಲಿಸನಿಗೆ ಮುಟ್ಟದಂತೆ ಟಿಪ್ಪುವಿನ ಸವಾರರು ಹರಿಕಾರರನ್ನು ತಡೆದಿದ್ದರು! ಮರಾಠರ ಪಾಳೆಯದ ಪೇಟೆಯಲ್ಲಿ ಧಾನ್ಯವಷ್ಟೇ ಅಲ್ಲ, ಕಾಶ್ಮೀರದ ಶಾಲಿನಿಂದ ಇಂಗ್ಲೆಂಡಿನ ಚಾಕುವಿನವರೆಗೆ ಎಲ್ಲವೂ ಇತ್ತು. ಬೆಲೆ ಮಾತ್ರ ವಿಪರೀತ.

ಆ ಪೇಟೆಯ ಸರಕು ಎಲ್ಲಿಂದ ಬಂದಿತು ಎಂದು ನೀವು ಕೇಳಬೇಕು. ಬಹಳಷ್ಟು ದಾರಿಯ ಊರುಗಳ ಲೂಟಿ. ಅದೇ ವರ್ಷ ಮರಾಠಾ ಸವಾರರು ಶೃಂಗೇರಿ ಮಠವನ್ನೂ ಬಿಡಲಿಲ್ಲ. ಜನರನ್ನು ಕೊಂದರು, ಶಾರದೆಯ ವಿಗ್ರಹವನ್ನೂ ಕಿತ್ತರು. ಮಠಕ್ಕೆ ಹಣ, ಧಾನ್ಯ ಕೊಡುವಂತೆ ಟಿಪ್ಪು ತನ್ನ ಅಧಿಕಾರಿಗೆ ಆಜ್ಞೆ ಮಾಡಿದನು. ಸ್ವಾಮಿಗಳಿಗೆ ಅವನು ಬರೆಸಿದ ಕನ್ನಡ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಕಾನಕಾನಹಳ್ಳಿಯನ್ನು ಸುಡಿಸಿದವನೂ, ಶೃಂಗೇರಿಗೆ ಧಾನ್ಯ ಕಳಿಸಿದವನೂ ಒಬ್ಬನೇ ದೊರೆ. ಎರಡನ್ನೂ ಒಟ್ಟಿಗೆ ನೆನಪಿಡಿ.

ಕಾರ್ನ್‌ವಾಲಿಸನು ಪಾಠ ಕಲಿತನು. ಇಂದಿನ ಲಂಬಾಣಿಗರ ಪೂರ್ವಜರಾದ ಬಂಜಾರರು ಎತ್ತಿನ ಹಿಂಡುಗಳ ಮೇಲೆ ಧಾನ್ಯ ಹೇರಿಕೊಂಡು ದಂಡಿನಿಂದ ದಂಡಿಗೆ ಮಾರುತ್ತಿದ್ದರು. ಅವರನ್ನು ಇನ್ನಷ್ಟು ಸಂಖ್ಯೆಯಲ್ಲಿ ಒಲಿಸಿಕೊಂಡು 1792ರ ಫೆಬ್ರವರಿಯಲ್ಲಿ ಮತ್ತೆ ಬಂದನು. ಈ ಸಲ ದಂಡು ಹಸಿಯಲಿಲ್ಲ. ಮಾರ್ಚ್ ತಿಂಗಳ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಆ ಹಣದ ದೊಡ್ಡ ಪಾಲನ್ನು ಅವನ ಅಧಿಕಾರಿಗಳಿಂದಲೂ, ಬಣವೆ ಕಳೆದುಕೊಂಡಿದ್ದ ಪ್ರಜೆಗಳಿಂದಲೂ ವಸೂಲು ಮಾಡಲಾಯಿತು.