ಕೊಬ್ಬರಿ ಉಳಿಸಿಕೊಂಡ ಹೋರಿ

ಬಲಿಪಾಡ್ಯಮಿ ಹತ್ತಿರ ಬಂತೆಂದರೆ ಶಿರಾಳಕೊಪ್ಪ, ಬಳ್ಳಿಗಾವಿ, ಆನವಟ್ಟಿ ಸೀಮೆಯ ಚಹಾದಂಗಡಿಗಳಲ್ಲಿ ಬೇರೆ ಮಾತಿಲ್ಲ. ಯಾವ ಊರಿನ ಅಖಾಡ ಯಾವತ್ತು, ಕಳೆದ ಸಲ ಕೈಗೇ ಸಿಗದ ಹೋರಿ ಈ ಸಲವೂ ಬರುತ್ತದಾ, ಯಾವುದಕ್ಕೆ ಕಾಲು ನೋವು, ಯಾವುದನ್ನು ಹಾನಗಲ್ ಕಡೆಯವರು ಕೊಂಡುಹೋದರು. ಅಮೆರಿಕದಲ್ಲಿ ಬೇಸ್‌ಬಾಲ್ ತಂಡವೊಂದರ ಬೆನ್ನು ಹತ್ತಿದವರು ವಸಂತದಲ್ಲಿ ಶುರುಮಾಡಿ 162 ಲೀಗ್ ಪಂದ್ಯಗಳನ್ನು ಬಿಯರ್ ಗ್ಲಾಸು ಹಿಡಿದುಕೊಂಡೇ ಕಳೆಯುತ್ತಾರೆ. ಅವರ ಆಟ ಮುಗಿಯುವ ಅಕ್ಟೋಬರ್ ಕೊನೆಗೆ ಸರಿಯಾಗಿ ಇಲ್ಲಿಯದು ಶುರುವಾಗುತ್ತದೆ. ಇಲ್ಲಿ ಕೈಯಲ್ಲಿರುವುದು ಕಾಗದದ ಲೋಟದ ಚಹಾ, ಪೊಟ್ಟಣದಲ್ಲಿ ಮಂಡಕ್ಕಿ, ಮೇಲೊಂದು ಮಿರ್ಚಿ. ಬಾಟಲಿಯೂ ಇರುತ್ತದೆ, ಅದರ ಮಾತು ಆಮೇಲೆ.

ಹೋರಿ ಹಬ್ಬ, ಹೋರಿ ಬೆದರಿಸುವ ಹಬ್ಬ, ಕೊಬ್ಬರಿ ಹೋರಿ ಹೀಗೆ ಊರಿಗೊಂದು ಹೆಸರು. ಶಿಕಾರಿಪುರ, ಸೊರಬ ತಾಲ್ಲೂಕುಗಳಿಂದ ಹಿಡಿದು ಹಿರೇಕೆರೂರು, ಹಾನಗಲ್, ಬ್ಯಾಡಗಿ, ಹಾವೇರಿವರೆಗೆ ಇದರ ಹರವು. ಮೂಲದಲ್ಲಿ ಇದು ದೀಪಾವಳಿಯ ಗೋಪೂಜೆಯ ಭಾಗ. ದನಗಳ ಮೈ ತೊಳೆದು, ಕೊರಳಿಗೆ ಚೆಂಡುಹೂವು, ಕೊಬ್ಬರಿಯ ಸರ ಕಟ್ಟಿ, ಸಂಜೆ ಊರ ಬೀದಿಯಲ್ಲಿ ಓಡಿಸುವುದು. ಹುಡುಗರು ಆ ಸರ ಹರಿದುಕೊಳ್ಳುವುದು. ಆ ಒಂದು ಸಂಜೆ ಈಗ ಹಿಗ್ಗಿ ಒಂದು ಋತುವೇ ಆಗಿದೆ. ಭತ್ತ, ಜೋಳದ ಕೊಯ್ಲು ಮುಗಿಯುತ್ತಿದ್ದಂತೆ ಒಂದೊಂದು ಊರೂ ತನ್ನದೊಂದು ದಿನ ಗೊತ್ತುಮಾಡಿಕೊಂಡು, ಫ್ಲೆಕ್ಸ್ ಹಾಕಿಸಿ, ಸಂಕ್ರಾಂತಿ ದಾಟಿದ ಮೇಲೂ ನಡೆಸುತ್ತದೆ. ಗೆದ್ದ ಹೋರಿಗೆ ಬೈಕು, ಬಂಗಾರದುಂಗುರ, ಫ್ರಿಜ್ಜು, ತಿಜೋರಿ. ಹಿಡಿದ ಹುಡುಗರಿಗೂ ಬಹುಮಾನವುಂಟು.

ಆಟದ ಲೆಕ್ಕ ಸರಳ. ಎರಡೂ ಕಡೆ ಬೇಲಿ ಕಟ್ಟಿದ ಉದ್ದನೆಯ ಹಾದಿ. ಒಂದು ತುದಿಯಿಂದ ಒಂದೊಂದೇ ಹೋರಿಯನ್ನು ಬಿಡುತ್ತಾರೆ. ನಡುವೆ ಹಿಡಿಯುವವರು ಗುಂಪುಗುಂಪಾಗಿ ನಿಂತಿರುತ್ತಾರೆ. ಕೊರಳಿನ ಕೊಬ್ಬರಿ ಹರಿಯದಂತೆ, ಮೈಮೇಲೆ ಕೈ ನಿಲ್ಲಗೊಡದೆ ಆಚೆ ತುದಿ ಮುಟ್ಟಿದ ಹೋರಿ ಗೆದ್ದಂತೆ. ಸ್ಪೇನಿನ ಗೂಳಿ ಕಾಳಗದ ಹಾಗೆ ಇಲ್ಲಿ ಪ್ರಾಣಿಯನ್ನು ಕೊಲ್ಲುವುದಿಲ್ಲ. ಹೊಡೆಸಿಕೊಳ್ಳದೆ, ಹಿಡಿಸಿಕೊಳ್ಳದೆ ಹೋಗುವುದಕ್ಕೇ ಚಪ್ಪಾಳೆ. ಸಾವಿರಾರು ಜನ ಸೇರಿ, ಯಾರ ಕೈಗೂ ಸಿಗದೆ ಹೋದದ್ದಕ್ಕೆ ಕುಣಿಯುವ ಆಟ ನನಗೆ ಗೊತ್ತಿದ್ದಂತೆ ಹೆಚ್ಚಿಲ್ಲ.

ನೋಡಬೇಕಾದ್ದು ಓಟಕ್ಕಿಂತ ಮೊದಲಿನ ಸಿಂಗಾರ. ಒಣಕೊಬ್ಬರಿಯ ಬಟ್ಟಲುಗಳಿಗೆ ತೂತು ಕೊರೆದು, ಹಗ್ಗಕ್ಕೆ ಒತ್ತೊತ್ತಾಗಿ ಪೋಣಿಸಿ, ಕೊರಳ ಸುತ್ತ ಸುತ್ತಿ ಬಿಗಿಯುತ್ತಾರೆ. ಸಡಿಲವಾದರೆ ಮೊದಲ ಕೈಗೇ ಕಿತ್ತುಬರುತ್ತದೆ, ಬಿಗಿ ಜಾಸ್ತಿಯಾದರೆ ಹೋರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಆ ಗಂಟು ಹಾಕುವ ಕೆಲಸ ಎಲ್ಲರಿಗೂ ಕೊಡುವಂಥದ್ದಲ್ಲ, ಗಂಟು ಹಾಕಿದವರು ಕೊನೆಗೊಮ್ಮೆ ಸರದ ಕೆಳಗೆ ಬೆರಳು ತೂರಿಸಿ ನೋಡಿಯೇ ಎದ್ದು ನಿಲ್ಲುವುದು. ಕೋಡಿಗೆ ಹಿತ್ತಾಳೆಯ ಕೋಡಣಸು, ಬೆನ್ನಿಗೆ ಕಸೂತಿಯ ಜೂಲ, ಕಾಲಿಗೆ ಗೆಜ್ಜೆ. ಕೆಲವಕ್ಕೆ ತಲೆಯ ಮೇಲೆ ಆಳೆತ್ತರದ ಬಣ್ಣದ ಪೀಪಿ, ಅದರ ತುಂಬ ರಿಬ್ಬನ್ನು, ಬಲೂನು. ಹೋರಿ ಓಡುವಾಗ ಮೊದಲು ಕಾಣುವುದು ಜನರ ತಲೆಗಳ ಮೇಲೆ ತೇಲಿಬರುವ ಆ ಪೀಪಿಯೇ, ಹೋರಿ ಕಾಣುವುದು ಆಮೇಲೆ. ಸಿಂಗಾರದ ಹುಚ್ಚು ಈ ನೆಲಕ್ಕೆ ಹೊಸದೇನಲ್ಲ ಬಿಡಿ. ಬೇಲೂರಿನ ಮದನಿಕೆಗಳನ್ನು ಕೆತ್ತಿದ ದಾಸೋಜ ಇದೇ ಬಳ್ಳಿಗಾವಿಯವನು.

ಹೋರಿಗಳ ಹೆಸರಿನದೇ ಒಂದು ಲೋಕ. ದೇವರ ಹೆಸರಿಗಿಂತ ಸಿನಿಮಾ ಹೆಸರು ಜಾಸ್ತಿ, ಕೊನೆಗೊಂದು ನಂಬರು ಅಂಟಿಸುವುದೂ ಉಂಟು. ಡಾನ್, ಯಜಮಾನ, ರಾಜಾಹುಲಿ ಇಂಥವು. ಶಿಕಾರಿಪುರದ ಮಟ್ಟಿಗೆ ರಾಜಾಹುಲಿ ಎಂದರೆ ಬಿ.ಎಸ್. ಯಡಿಯೂರಪ್ಪನವರನ್ನು ಅಭಿಮಾನಿಗಳು ಕರೆಯುವ ಹೆಸರೂ ಹೌದು, ಆದ್ದರಿಂದ ಮೈಕಿನಲ್ಲಿ ‘ರಾಜಾಹುಲಿ ಬರ್ತಾ ಐತಿ’ ಎಂದಾಗ ಹೊಸಬರು ಒಂದು ಕ್ಷಣ ರಸ್ತೆ ಕಡೆ ನೋಡಿದರೆ ತಪ್ಪಿಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಚಿತ್ರ ಹೊತ್ತು ಓಡಿದ ಹೋರಿಗಳಿಗೆ ಲೆಕ್ಕವಿಲ್ಲ. ಹೋರಿಗೊಂದು ಅಭಿಮಾನಿ ಬಳಗ, ಬಳಗಕ್ಕೊಂದು ಬಣ್ಣದ ಟೀಶರ್ಟು, ಯೂಟ್ಯೂಬಿನಲ್ಲಿ ಹಳೆಯ ಓಟಗಳ ವಿಡಿಯೊ. ಹೆಸರು ಮಾಡಿದ ಹೋರಿ ಸತ್ತರೆ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ, ತಿಥಿಯನ್ನೂ ಮಾಡುತ್ತಾರೆ.

ಇಷ್ಟಕ್ಕೆಲ್ಲ ಖರ್ಚು ಸಣ್ಣದಲ್ಲ. ಹಳ್ಳಿಕಾರ್ ಅಥವಾ ಅಮೃತಮಹಲ್ ತಳಿಯ ಚುರುಕು ಹೋರಿಗೆ ಲಕ್ಷಗಳಲ್ಲಿ ಬೆಲೆ. ತಂದ ಮೇಲೆ ಹತ್ತಿಕಾಳು, ಹುರುಳಿ, ಹಿಂಡಿ, ಹಾಲು, ಹಸಿ ಮೊಟ್ಟೆ. ದಮ್ಮು ಬರಲೆಂದು ಕೆರೆಯಲ್ಲಿ ಈಜಿಸುವುದು, ಬೆಳಗಿನ ಹೊತ್ತು ಓಡಿಸುವುದು. ಅದಕ್ಕೆ ನೊಗ ತೋರಿಸುವುದಿಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಗಳಲ್ಲಿ ಎತ್ತು ಕಡಿಮೆಯಾದವು, ಹೋರಿ ಮಾತ್ರ ಉಳಿಯಿತು. ಮನೆಯ ಹೆಂಗಸರನ್ನು ಕೇಳಿದರೆ ಈ ಲೆಕ್ಕದ ಇನ್ನೊಂದು ಮಗ್ಗುಲು ಸಿಗುತ್ತದೆ: ಗೆದ್ದ ಬೈಕಿಗಿಂತ ತಿಂದ ಹತ್ತಿಕಾಳಿನ ಬಾಬ್ತು ದೊಡ್ಡದು.

ಈ ಹಬ್ಬವನ್ನು ಇಲ್ಲಿಯ ವೀರಗಲ್ಲುಗಳಿಗೆ ಗಂಟುಹಾಕುವವರಿದ್ದಾರೆ. ಶಿಕಾರಿಪುರ, ಸೊರಬದಲ್ಲಿ ವೀರಗಲ್ಲಿಲ್ಲದ ಊರು ಹುಡುಕುವುದೇ ಕಷ್ಟ, ಅವುಗಳಲ್ಲಿ ತುರುಗೋಳಿನವು, ಅಂದರೆ ದನ ಕಾಯುತ್ತ ಸತ್ತವರ ಕಲ್ಲುಗಳು ಬಹಳ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಸಾಲಾಗಿ ನಿಂತ ದನ, ಅದರ ಮೇಲೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆ ಕುಳಿತ ವೀರ. ಬಳ್ಳಿಗಾವಿಯಲ್ಲಿ ಇಂಥ ಕಲ್ಲುಗಳನ್ನು ನಿಂತು ನೋಡಿದವರಿಗೆ ಸಂಬಂಧ ಕಟ್ಟುವ ಆಸೆಯಾಗುವುದು ಸಹಜ. ನನಗೆ ಅದು ಒಪ್ಪಿಗೆಯಿಲ್ಲ. ದನ ಉಳಿಸಿಕೊಳ್ಳಲು ಪ್ರಾಣ ಕೊಟ್ಟದ್ದು ಬೇರೆ, ಕೊಬ್ಬರಿ ಹರಿಯಲು ಪ್ರಾಣ ಒತ್ತೆಯಿಡುವುದು ಬೇರೆ.

ಪ್ರಾಣದ ಮಾತು ಬಾಯಿಮಾತಲ್ಲ. 2022ರ ದೀಪಾವಳಿಯ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಅಖಾಡಗಳಲ್ಲಿ ಸಾವುಗಳಾದವು. ತಿವಿಸಿಕೊಳ್ಳುವವರು ಹಿಡಿಯಲು ಇಳಿದವರು ಮಾತ್ರವಲ್ಲ, ಬೇಲಿ ಬದಿಯಲ್ಲಿ ನಿಂತು ನೋಡುವವರು, ದಾರಿಹೋಕರು ಕೂಡ. ಬಾಟಲಿಯ ಮಾತು ಬರುವುದು ಇಲ್ಲಿಯೇ: ಕುಡಿದವನಿಗೆ ಹೋರಿಯ ದೂರ ತಿಳಿಯುವುದಿಲ್ಲ. ಇನ್ನು ಕಾನೂನಿನ ಮಾತು: 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ, ಹೋರಿ ಮತ್ತು ಎತ್ತಿನಗಾಡಿಗಳ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಾಗೆಂದು ಎಲ್ಲೆಂದರಲ್ಲಿ ಬಿಟ್ಟು ಓಡಿಸಬಹುದು ಎಂದಲ್ಲ. ಗಟ್ಟಿ ಬೇಲಿ, ಪಶುವೈದ್ಯರು, ಆಂಬುಲೆನ್ಸ್ ಇಟ್ಟುಕೊಂಡು ಅನುಮತಿ ಪಡೆದು ನಡೆಸುವ ಊರುಗಳಿವೆ, ಪೊಲೀಸರು ಬರುವುದರೊಳಗೆ ಮುಗಿಸುವ ಊರುಗಳೂ ಇವೆ. ಹಬ್ಬ ಉಳಿಯಬೇಕೆನ್ನುವವರು ಮೊದಲು ಜಗಳ ಕಾಯಬೇಕಾದ್ದು ಈ ಎರಡನೆಯವರ ಜೊತೆ.

ನೋಡುವ ಮನಸ್ಸಿದ್ದರೆ ದೀಪಾವಳಿ ಕಳೆದ ಮೇಲೆ ಬಳ್ಳಿಗಾವಿಗೆ ಬನ್ನಿ. ಶಿರಾಳಕೊಪ್ಪಕ್ಕೆ ಅದು ತೀರ ಹತ್ತಿರ. ಬೆಳಿಗ್ಗೆ ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳನ್ನೂ ಗಂಡಭೇರುಂಡ ಕಂಬವನ್ನೂ ನೋಡಿ, ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿದರೆ ಇವತ್ತಿನ ಅಖಾಡ ಎಲ್ಲೆಂದು ಹೇಳುತ್ತಾರೆ, ಕೇಳದಿದ್ದರೂ ಯಾವ ಹೋರಿ ಗೆಲ್ಲುತ್ತದೆಂದು ಹೇಳುತ್ತಾರೆ. ಬೇಲಿಯ ಹತ್ತಿರ ಮಾತ್ರ ಹೋಗಬೇಡಿ. ಮಾಳಿಗೆ ಹತ್ತಿ, ಅದಿಲ್ಲದಿದ್ದರೆ ಟ್ರ್ಯಾಕ್ಟರಿನ ಟ್ರೇಲರು. ಅಲ್ಲಿ ಜಾಗ ಹಿಡಿಯಲು ಊಟ ಮುಗಿಸಿ ಬೇಗ ಹೋಗಬೇಕು, ಮಕ್ಕಳು ನಿಮಗಿಂತ ಮೊದಲೇ ಹತ್ತಿ ಕುಳಿತಿರುತ್ತಾರೆ.