ಗಣಿನಾಡಿನ ಪದವೀಧರರೂ ವಿಶ್ವವಿದ್ಯಾನಿಲಯದ ಹುದ್ದೆಗಳೂ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲು ದಾರಿಯಲ್ಲಿ ಕೋರಮಂಡಲ್ ಎಂಬ ಸಣ್ಣ ನಿಲ್ದಾಣವಿರುವುದು. 2001ನೆಯ ಇಸವಿ ಫೆಬ್ರವರಿ 28ರಂದು ಚಿನ್ನದ ಗಣಿಗಳ ಕೆಲಸವು ನಿಂತುಹೋದ ಮೇಲೆ, ಈ ಸುತ್ತಿನ ಅನೇಕರು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿಗೆ ಹಿಂದಿರುಗುವುದು ರೂಢಿಯಾಗಿದೆ. ಇಂತಹ ಮನೆಗಳಲ್ಲಿ ಕೃಷಿಯಲ್ಲಿಯೋ ವಿಜ್ಞಾನದಲ್ಲಿಯೋ ಪದವಿ ಪಡೆದ ಮಕ್ಕಳು ಈಗ ಉಂಟು. ಸಂಶೋಧನೆಯೂ ಒಂದು ಜೀವನೋಪಾಯವೆಂಬುದು ಅವರಲ್ಲಿ ಹಲವರಿಗೆ ಹೊಳೆಯುವುದಿಲ್ಲ. ಹೊಳೆದವರಿಗೂ ದಾರಿ ತಿಳಿಯದೆ ವರ್ಷಗಳು ಕಳೆಯುವುವು.

ಗಣಿನಾಡಿಗೆ ಸಂಶೋಧನೆಯು ಹೊಸದೇನೂ ಅಲ್ಲ. 1965ರಲ್ಲಿ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂ ನಗರಗಳ ವಿದ್ವಾಂಸರೂ ಇಲ್ಲಿಯ ಗಣಿಯಲ್ಲಿ 7,000 ಅಡಿಗಳಿಗೂ ಕೆಳಗೆ ಉಪಕರಣಗಳನ್ನಿಟ್ಟು, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತನ್ನು ಕಂಡುಹಿಡಿದರು. ಅಂದಿನ ಪ್ರಶ್ನೆಯು ನೆಲದಡಿಯಲ್ಲಿತ್ತು. ಇಂದಿನದು ನೆಲದ ಮೇಲೆಯೇ ಇದೆ. ಅದಿರನ್ನು ಅರೆದು ಸಯನೈಡಿನ ನೆರವಿನಿಂದ ಚಿನ್ನವನ್ನು ತೆಗೆದ ಮೇಲೆ ಉಳಿದ ಪುಡಿಯು ಗುಡ್ಡಗಳಾಗಿ ಬಿದ್ದಿದೆ. ಗಾಳಿ ಬೀಸಿದರೆ ಅದರ ಧೂಳು ಮನೆಗಳಿಗೂ ಹೊಲಗಳಿಗೂ ಹಾರುವುದು. ಅದರಲ್ಲಿ ಯಾವ ಹುಲ್ಲು ಬೇರೂರೀತು, ಎಷ್ಟು ಗೊಬ್ಬರ ಬೇಕಾದೀತು? 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದರಿಂದ ಮಣ್ಣಿನ ಗುಣವು ಹೇಗೆ ಮಾರ್ಪಟ್ಟೀತು? ಇಂತಹ ಪ್ರಶ್ನೆಯೊಂದನ್ನು ಕಣ್ಣಾರೆ ಕಂಡು, ತನ್ನ ಮಾತಿನಲ್ಲಿ ವಿವರಿಸಬಲ್ಲ ಅಭ್ಯರ್ಥಿಯು, ಬರಿಯ ಅಂಕಪಟ್ಟಿಯನ್ನು ಚಾಚುವವನಿಗಿಂತ ಸಂದರ್ಶನದಲ್ಲಿ ಮೇಲೆನಿಸುವನು.

ಮೊದಲ ಮೆಟ್ಟಿಲು ಸಾಮಾನ್ಯವಾಗಿ ಯೋಜನೆಯ ಹುದ್ದೆ. ಜೂನಿಯರ್ ರಿಸರ್ಚ್ ಫೆಲೋ ಮುಂತಾದ ಹೆಸರಿನ ಈ ಕೆಲಸಗಳಿಗೆ ಎಷ್ಟೋ ವೇಳೆ ಅರ್ಜಿಯನ್ನು ಮುಂಚಿತವಾಗಿ ಕಳುಹಿಸಬೇಕಾದುದಿಲ್ಲ. ಗೊತ್ತಾದ ದಿನ ಮೂಲ ಪ್ರಮಾಣಪತ್ರಗಳೊಡನೆ ನೇರವಾಗಿ ಹಾಜರಾಗತಕ್ಕದ್ದು. ಪ್ರಕಟಣೆಯು ಸಂಸ್ಥೆಯ ಜಾಲತಾಣದಲ್ಲಿ ಕೆಲವೇ ದಿನ ಮುಂಚೆ ಬರುವುದುಂಟು. ವೃತ್ತಪತ್ರಿಕೆಯನ್ನೇ ಕಾಯುವವರಿಗೆ ಅದು ತಪ್ಪಿಹೋಗುವುದು. ಯೋಜನೆ ಮುಗಿದರೆ ಕೆಲಸವೂ ಮುಗಿಯುವುದರಿಂದ, ಇದನ್ನು ಕಾಯಂ ಸಂಬಳವೆಂದು ಎಣಿಸಿ ಸಾಲ ಮಾಡತಕ್ಕದ್ದಲ್ಲ.

ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಬಯಸುವವರು, 1973ರಲ್ಲಿ ಸ್ಥಾಪಿತವಾದ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯು ನಡೆಸುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಕಡೆ ಲಕ್ಷ್ಯವಿಡಬೇಕು. ಹತ್ತಿರದ ದೊಡ್ಡ ಸಂಸ್ಥೆಯೆಂದರೆ 1964ರಲ್ಲಿ ಆರಂಭವಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ. ಕೋಲಾರದ ಟಮಕದಲ್ಲಿರುವ ತೋಟಗಾರಿಕಾ ಕಾಲೇಜಾದರೋ ಬಾಗಲಕೋಟೆಯ ವಿಶ್ವವಿದ್ಯಾನಿಲಯಕ್ಕೆ ಸೇರಿದುದು. ಅಲ್ಲಿಯ ಕಾಯಂ ಹುದ್ದೆಯ ಪ್ರಕಟಣೆಯನ್ನು ಬಾಗಲಕೋಟೆಯ ಹೆಸರಿನಲ್ಲಿ ಹುಡುಕಬೇಕೇ ಹೊರತು ಕೋಲಾರದ ಹೆಸರಿನಲ್ಲಲ್ಲ.

ಹುದ್ದೆಗಳನ್ನು ವಿಷಯವಾರು, ಮೀಸಲಾತಿವಾರು ವಿಂಗಡಿಸಿರುವರು. ಒಂದು ವಿಷಯಕ್ಕೆ ಒಂದೇ ಸ್ಥಾನವಿದ್ದು ಅದು ತನ್ನ ವರ್ಗದ್ದಾಗಿರುವಾಗ, ಜಾತಿ ಆದಾಯಗಳ ಪ್ರಮಾಣಪತ್ರವು ಕೈಯಲ್ಲಿಲ್ಲದೆ ಅವಧಿ ಮೀರುವುದಕ್ಕಿಂತ ಹೆಚ್ಚಿನ ನಷ್ಟವಿಲ್ಲ. ತಾಲ್ಲೂಕು ಕಚೇರಿಯ ಕೆಲಸವನ್ನು ಪ್ರಕಟಣೆಗೆ ಮೊದಲೇ ಮುಗಿಸಿಕೊಂಡಿರುವುದು ಲೇಸು.